ಒಂದು ಗೀಟು ನೀರಿಗೆ, ಎರಡು ಗೀಟು ಎಣ್ಣೆಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಮಾಡದೆ ಬಿಟ್ಟ ಕೆಲಸ ತೀರ ಚಿಕ್ಕದು. ಕಬ್ಬಿಣದ ಪಟ್ಟಿಯ ತುದಿಯನ್ನು ತಿರುಗುತ್ತಿರುವ ಸಾಣೆಕಲ್ಲಿಗೆ ಮುಟ್ಟಿಸಿ, ಹಾರುವ ಕಿಡಿ ಹೇಗಿದೆ ಎಂದು ನೋಡುವುದು. ಅಷ್ಟೇ. ಉಕ್ಕುವ ಹಾಲಿನ ಒಲೆ ಆರಿಸುವಷ್ಟು ಹೊತ್ತೂ ಬೇಡ. ಅದನ್ನು ನಾನು ಮಾಡಲಿಲ್ಲ. ಮಾಡಿದವಳ ಹಾಗೆ ಮುಖ ಇಟ್ಟುಕೊಂಡು ಓಡಾಡಿದೆ. ಇದರಿಂದಾಗಿ ನನ್ನ ಒಡಹುಟ್ಟಿದ ಅಣ್ಣ ತನ್ನ ಕಣ್ಣೇ ಕೆಟ್ಟುಹೋಯಿತೆಂದು ನಂಬಿ ಮದ್ದೂರಿಗೆ ಹೋಗಿ ಕನ್ನಡಕ ಮಾಡಿಸಿಕೊಂಡು ಬಂದ. ತಪ್ಪು ಮಾಡುವುದಾದರೆ ದೊಡ್ಡದನ್ನೇ ಮಾಡುವುದು ವಾಸಿ ಎಂದು ನನಗೆ ಈಗ ಅನ್ನಿಸುತ್ತದೆ. ಬಣವೆಗೆ ಬೆಂಕಿ ಹಚ್ಚಿದವಳನ್ನು ಊರವರೇ ಹುಡುಕಿಕೊಂಡು ಬರುತ್ತಾರೆ, ಬೈಯುತ್ತಾರೆ, ಅಲ್ಲಿಗೆ ಒಂದು ತೀರ್ಮಾನವಾಗುತ್ತದೆ. ಸಣ್ಣ ತಪ್ಪನ್ನು ಯಾರೂ ಹುಡುಕುವುದಿಲ್ಲ. ಮಾಡಿದವಳೇ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಿರುಗಬೇಕು, ನೀರಿಗೆ ಹೋದರೂ, ಹಿತ್ತಿಲಿಗೆ ಹೋದರೂ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಕ್ಷಮೆ ಕೇಳುವ ವಿದ್ಯೆ ನನಗೆ ಬಂದದ್ದು ರಜಾ ಅರ್ಜಿಯ ಮೂಲಕ ಮಾತ್ರ. 'ನನಗೆ ಹೊಟ್ಟೆನೋವು ಇದ್ದ ಕಾರಣ ಶಾಲೆಗೆ ಬರಲಾಗಲಿಲ್ಲ, ದಯವಿಟ್ಟು ಕ್ಷಮಿಸಬೇಕು' ಎಂದು ಬರೆದುಕೊಟ್ಟರೆ ಮೇಷ್ಟ್ರು ಓದದೆಯೇ ಮಡಚಿ ಮೇಜಿನ ಖಾನೆಗೆ ಹಾಕುತ್ತಿದ್ದರು. ನನಗೆ ಎಷ್ಟು ಸಲ ಹೊಟ್ಟೆನೋವು ಬಂದಿತ್ತೆಂದರೆ, ಅವರು ಒಮ್ಮೆ ನಮ್ಮಪ್ಪನನ್ನು ಕರೆಸಿ ಈ ಮಗುವನ್ನು ಮಂಡ್ಯದ ದೊಡ್ಡಾಸ್ಪತ್ರೆಗೆ ತೋರಿಸಪ್ಪ ಎಂದು ಕನಿಕರದಿಂದ ಹೇಳಿದ್ದರು. ಇನ್ನು ಬಾಯಿಬಿಟ್ಟು 'ತಪ್ಪಾಯ್ತು' ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ರೂಢಿಯಿಲ್ಲ. ಅಪ್ಪ ಅವ್ವನ ಮೇಲೆ ರೇಗಿದ ದಿನ ಸಂಜೆ ಬರುವಾಗ ಒಂದು ಮಾರು ಹೂ ತರುತ್ತಿದ್ದ. ಕೈಗೆ ಕೊಡುತ್ತಿರಲಿಲ್ಲ. ನೀರಿನ ಹಂಡೆಯ ಪಕ್ಕ ಇಟ್ಟು, ಅಲ್ಲಿ ಹೂವೇ ಇಲ್ಲವೆಂಬಂತೆ ಕೈಕಾಲು ತೊಳೆಯಲು ಹೋಗುತ್ತಿದ್ದ. ಅವ್ವ ಎತ್ತಿ ಮುಡಿದುಕೊಂಡರೆ ರಾಜಿಯಾಯಿತೆಂದು ಲೆಕ್ಕ. ಒಂದು ಮಾತೂ ಖರ್ಚಾಗುತ್ತಿರಲಿಲ್ಲ. ಅಂಥವರ ಮಗಳು ನಾನು.

ನಮ್ಮ ಕುಲುಮೆ ಕೊಪ್ಪದಲ್ಲಿ ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲಿದೆ. ಅಣ್ಣ ಪುಟ್ಟಾಚಾರಿ ಬೆಂಕಿಯ ಮುಂದೆ, ನಾನು ಸಾಣೆಯ ಮುಂದೆ. ನನ್ನನ್ನು ಕೊಟ್ಟಿರುವುದು ಇದೇ ಊರಿಗೆ, ಎರಡು ಬೀದಿ ಆಚೆ. ನಮ್ಮ ಯಜಮಾನರು ಹಾಲಿನ ಕ್ಯಾನು ಸಾಗಿಸುವ ಟೆಂಪೋ ಓಡಿಸುತ್ತಾರೆ. ಅವರು ಹೊರಟ ಮೇಲೆ ನಾನು ಕುಲುಮೆಗೆ ಬಂದರೆ ಸಂಜೆಯವರೆಗೂ ಮಚ್ಚು, ಕುಡುಗೋಲು, ಈಳಿಗೆಮಣೆಯ ಅಲಗು, ಕಬ್ಬು ಕಡಿಯುವ ಕತ್ತಿ ಇವುಗಳ ಜೊತೆಯೇ ಸಂಸಾರ. ಹಿಂದೆ ತಿದಿ ಒತ್ತಿ ಗಾಳಿ ಹೊಡೆಯುತ್ತಿದ್ದರು. ಈಗ ಕರೆಂಟಿನ ಬ್ಲೋಯರ್ ಇದೆ. ಅದರ ಸದ್ದು, ಅಡಿಗಲ್ಲಿನ ಮೇಲೆ ಸುತ್ತಿಗೆಯ ಸದ್ದು, ಹೊರಗೆ ಬಸ್ಸಿನ ಹಾರ್ನು, ಇಷ್ಟರ ನಡುವೆ ಬೆಳೆದು ಅಣ್ಣನ ಕಿವಿ ಮಂದವಾಗಿದೆ. ಆದರೆ ಅವನ ಕಣ್ಣಿನ ಮಾತೇ ಬೇರೆ. ಕೆಂಡದೊಳಗಿನ ಅಲಗು ಹಣ್ಣು ಟೊಮೇಟೊ ಬಣ್ಣದಲ್ಲಿದ್ದರೆ ಇನ್ನೂ ಕಾಯಬೇಕು. ಕಿತ್ತಳೆ ಸಿಪ್ಪೆಯ ಬಣ್ಣಕ್ಕೆ ಹೋದರೆ ಕೆಟ್ಟಿತು. ಇವೆರಡರ ನಡುವೆ ಒಂದು ಗಳಿಗೆ ಇದೆ. ಆ ಗಳಿಗೆಯಲ್ಲಿ ಎತ್ತಿ ಅದ್ದಿದರೆ ಅಲಗಿಗೆ ಹದ ಬರುತ್ತದೆ. ಆತಗೂರಿನ ಕಡೆಯಿಂದ ಕಬ್ಬಿನ ಕತ್ತಿಗೆ ಬರುವ ರೈತರು ಹೊಸ ಅಂಗಡಿಗಳನ್ನೆಲ್ಲ ದಾಟಿಕೊಂಡು ನಮ್ಮ ಹತ್ತಿರ ಬರುತ್ತಿದ್ದುದು ಅಣ್ಣನ ಕಣ್ಣು ಆ ಗಳಿಗೆಯನ್ನು ಹಿಡಿಯುತ್ತದೆ ಎಂಬ ಒಂದೇ ನಂಬಿಕೆಯಿಂದ.

ಕಬ್ಬಿಣವೆಲ್ಲ ಒಂದೇ ಎಂದು ನೀವು ತಿಳಿದಿದ್ದರೆ ನಿಮ್ಮ ಪುಣ್ಯ. ನಾನೂ ಮದುವೆಗೆ ಮುಂಚೆ ಹಾಗೇ ತಿಳಿದು ಸುಖವಾಗಿದ್ದೆ. ನಾವು ಕತ್ತಿ ಮಾಡುವುದು ಹಳೆಯ ಗಾಡಿಗಳ ಕಮಾನು ಪಟ್ಟಿಗಳಿಂದ. ಚಕ್ರದ ಮೇಲೆ ಒಂದರ ಮೇಲೊಂದು ಕೂತು ಗಾಡಿಯ ಭಾರ ಹೊರುತ್ತವಲ್ಲ, ಅವು. ಮಂಡ್ಯದ ಗುಜರಿಯಿಂದ ತರುವುದು ಟೆಂಪೋ ಪಟ್ಟಿ. ಇದಲ್ಲದೆ ಮಳವಳ್ಳಿಯಲ್ಲಿ ಯಾರೋ ಹಳೆಯ ಜಟಕಾ ಗಾಡಿಗಳನ್ನು ಒಡೆದಾಗ ಅಣ್ಣ ಅವುಗಳ ಪಟ್ಟಿಯನ್ನೆಲ್ಲ ಒಟ್ಟಿಗೆ ಹೊತ್ತು ತಂದಿದ್ದ. ಎರಡೂ ಒಳ್ಳೆಯ ಉಕ್ಕೇ. ಅಳತೆಗೆ ಕತ್ತರಿಸಿ ಪಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳ ಹಾಗೆ. ಅದೇ ಕಪ್ಪು, ಅದೇ ದಪ್ಪ, ತಟ್ಟಿದರೆ ಅದೇ ಸದ್ದು. ಆದರೆ ಗುಣ ನೋಡಿ. ಜಟಕಾ ಪಟ್ಟಿಯನ್ನು ಕಾಸಿ ನೀರಿಗೆ ಅದ್ದಬೇಕು. ಎಣ್ಣೆಗೆ ಅದ್ದಿದರೆ ಮೆತ್ತಗೆ ಉಳಿದು, ಸೋರೆಕಾಯಿಗೂ ಸಲಾಮು ಹೊಡೆಯುತ್ತದೆ. ಟೆಂಪೋ ಪಟ್ಟಿಯನ್ನು ಕಾಸಿ ಎಣ್ಣೆಗೆ ಅದ್ದಬೇಕು. ನೀರಿಗೆ ಅದ್ದಿದರೆ ಒಳಗೇ ಬಿರುಕು ಬಿಡುತ್ತದೆ. ಎಷ್ಟೋ ಸಲ ಆ ಬಿರುಕು ಕಣ್ಣಿಗೂ ಕಾಣುವುದಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಕಿಡಿ ನೋಡಿ. ಅಣ್ಣ ನನಗೆ ಇದನ್ನು ಕಲಿಸಿದ್ದು ಅಡುಗೆಮನೆಯ ಭಾಷೆಯಲ್ಲಿ. "ನೋಡಮ್ಮಿ, ಒಗ್ರಣೇಲಿ ಸಾಸ್ವೆ ಸಿಡ್ದಂಗೆ ಚಟಚಟ ಅಂತ ಕವ್ಲು ಒಡ್ದು ಆರಿದ್ರೆ ಜಟಕಾ. ಜೀರ್ಗೆ ಬಿದ್ದಂಗೆ ಸುಮ್ನೆ ಸುಯ್ ಅಂತ ಮಂಕಾಗಿ ಓದ್ರೆ ಟೆಂಪೋ." ಹೀಗೆ ನೋಡಿ ನೋಡಿ, ಜಟಕಾ ಪಟ್ಟಿಗೆ ಸೀಮೆಸುಣ್ಣದಲ್ಲಿ ಒಂದು ಗೀಟು, ಟೆಂಪೋ ಪಟ್ಟಿಗೆ ಎರಡು ಗೀಟು. ಒಂದು ಗೀಟು ನೀರಿಗೆ, ಎರಡು ಗೀಟು ಎಣ್ಣೆಗೆ. ಒಂದೆರಡು ವರ್ಷದಲ್ಲಿ ನನ್ನ ಕಣ್ಣು ಇದಕ್ಕೆ ಎಷ್ಟು ಪಳಗಿತೆಂದರೆ, ಅಣ್ಣ ಕಿಡಿ ನೋಡುವುದನ್ನೇ ಬಿಟ್ಟ. ಬಂದ ಗಿರಾಕಿಗಳ ಮುಂದೆಲ್ಲ, "ಕಿಡಿ ವಿಚಾರ ನಮ್ ಮಂಗ್ಳು ನೋಡ್ಬುಟ್ರೆ ಮುಗೀತು. ನಾನು ಎಲ್ಲಾದ್ರೂ ಎಡವ್ತೀನಿ, ಅವ್ಳು ಎಡವಾಕಿಲ್ಲ" ಎನ್ನುತ್ತಿದ್ದ. ಮನುಷ್ಯರನ್ನು ಹಾಳು ಮಾಡುವುದಕ್ಕೆ ಹೊಗಳಿಕೆಗಿಂತ ಸುಲಭದ ಉಪಾಯ ಇಲ್ಲ. ನಾನು ಸಂತೆಯಲ್ಲಿ ಸೊಪ್ಪು ಕೊಳ್ಳುವಾಗಲೂ ಕಟ್ಟನ್ನು ಎತ್ತಿ ಬೆಳಕಿಗೆ ಹಿಡಿದು ನೋಡಲು ಶುರುಮಾಡಿದ್ದೆ.

ಈಗ ಆಯುಧಪೂಜೆಗೆ ಬರೋಣ. ಕುಲುಮೆಯವರಿಗೆ ಅದು ಮಗಳ ಮದುವೆಯಷ್ಟು ದೊಡ್ಡ ದಿನ. ಅಣ್ಣ ಬಾಳೆಕಂದು, ಬೂದುಗುಂಬಳಕಾಯಿ ತರಲು ಮದ್ದೂರಿಗೆ ಹೋಗಿದ್ದ. ನಾನು ಕುಲುಮೆ ತೊಳೆಯಲು ನಿಂತೆ. ನನಗೆ ತೊಳೆಯುವ ಹುಚ್ಚು ಹತ್ತಿದರೆ ಅಡ್ಡ ಬರಬಾರದು; ನಮ್ಮ ಯಜಮಾನರು ಎದ್ದು ಹೊರಗೆ ನಿಂತುಬಿಡುತ್ತಾರೆ. ಸುತ್ತಿಗೆ ತೊಳೆದೆ, ಇಕ್ಕಳ ತೊಳೆದೆ, ಅಡಿಗಲ್ಲನ್ನು ಕೂಸಿಗೆ ಎರೆದ ಹಾಗೆ ತೊಳೆದೆ. ಮೂಲೆಯಲ್ಲಿ ಪಟ್ಟಿಗಳ ರಾಶಿ ಕಂಡಿತು. ವರ್ಷವಿಡೀ ಅನ್ನ ಕೊಡುವ ಉಕ್ಕು ದೂಳು ಹಿಡಿದು ಬಿದ್ದಿದೆಯಲ್ಲ ಎಂದು ಕರುಳು ಚುರುಕ್ ಎಂದಿತು. ಹುಣಸೆಹಣ್ಣು, ಪಾತ್ರೆಯ ಪುಡಿ ಹಾಕಿ ಒಂದೊಂದನ್ನೂ ಉಜ್ಜಿದೆ. ಒರೆಸಿದೆ. ಉದ್ದದ್ದು ಕೆಳಗೆ, ಗಿಡ್ಡದ್ದು ಮೇಲೆ ಎಂದು ಒಪ್ಪವಾಗಿ ಜೋಡಿಸಿದೆ. ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು, ದೂರ ನಿಂತು, ಸೊಂಟಕ್ಕೆ ಕೈ ಇಟ್ಟು ನೋಡಿದೆ. ಆಹಾ ಎನ್ನಿಸಿತು. ಎರಡನೇ ಸಲ ಆಹಾ ಎನ್ನುವಷ್ಟರಲ್ಲಿ ಕಣ್ಣಿಗೆ ಬಿತ್ತು. ಒಂದರ ಮೇಲೂ ಗೀಟಿಲ್ಲ.

ಆಗಲೇ ಸಾಣೆ ತಿರುಗಿಸಿ ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸಾಣೆಗೆ ಆಗಲೇ ಹಾರ ಹಾಕಿ, ವಿಭೂತಿ ಬಳಿದು, ನಿಂಬೆಹಣ್ಣು ಸಿಕ್ಕಿಸಿ ಆಗಿತ್ತು. ಅಲಂಕಾರ ಮಾಡಿ ಕೂರಿಸಿದ ಮೇಲೆ ಆ ದಿನ ಅದನ್ನು ತಿರುಗಿಸುವಂತಿಲ್ಲ. ಅಪ್ಪನ ಕಾಲದಿಂದ ಬಂದ ಕಟ್ಟು. ಹೊರಗೆ ಬಸ್ಸು ನಿಂತ ಸದ್ದಾಯಿತು. ಬಾಳೆಕಂದು ಹೊತ್ತ ಅಣ್ಣ ಇಳಿಯುತ್ತಿದ್ದ. ನಾನು ಸೀಮೆಸುಣ್ಣ ಎತ್ತಿಕೊಂಡೆ. ಕೈಗೆ ಸಿಕ್ಕಿದ್ದಕ್ಕೆ ಒಂದು ಗೀಟು, ಮುಂದಿನದಕ್ಕೆ ಎರಡು ಗೀಟು. ಅಂದಾಜಿನ ಮೇಲೆ ಎಂದು ಹೇಳಿದರೆ ಅಂದಾಜಿಗೆ ಅವಮಾನ. ಕೈ ಬಂದ ಕಡೆ ಎಳೆದೆ. ನಾಳೆ ಸಾಣೆ ತಿರುಗಿಸಿ ಸರಿಮಾಡಿಕೊಂಡರಾಯಿತು ಎಂದುಕೊಂಡೆ. ಅಣ್ಣ ಒಳಗೆ ಬಂದು ರಾಶಿಯನ್ನು ನೋಡಿ, "ಅಮ್ಮಿ, ತೊಳ್ದಿದ್ದೀಯ, ಗೀಟೂ ತಿರ್ಗಾ ಹಾಕ್ಬುಟ್ಟಿದ್ದೀಯ. ನಿನ್ ತಲೆ ತಲೆ ಕಣಮ್ಮಿ" ಎಂದ. ನಾನು ನಕ್ಕೆ. ಆ ನಗು ನೆನೆದರೆ ಈಗಲೂ ಹಲ್ಲು ಕಚ್ಚಿಕೊಳ್ಳುತ್ತೇನೆ.

ಮಾರನೇ ದಿನ ಮನೆಗೆ ನೆಂಟರು ಬಂದರು. ಅದರ ಮಾರನೇ ದಿನ ನಾನು ಕುಲುಮೆಗೆ ಹೋಗುವಷ್ಟರಲ್ಲಿ ಅಣ್ಣ ರಾಶಿಯಿಂದ ಪಟ್ಟಿಗಳನ್ನು ಎಳೆದು ಬಡಿಯುತ್ತಿದ್ದ. ಬಡಿಯುವಾಗ ಗೀಟು ಬೆಂಕಿಯಲ್ಲಿ ಅಳಿಸಿಹೋಗುತ್ತದೆ. ಅದಕ್ಕೇ ಒಂದು ಗೀಟಿನದನ್ನು ಎಡಗಡೆ ಸಾಲಿಗೆ, ಎರಡು ಗೀಟಿನದನ್ನು ಬಲಗಡೆ ಸಾಲಿಗೆ ಇಡುವುದು ನಮ್ಮ ಪದ್ಧತಿ. ನಾನು ಅವನ್ನು ಸಾಣೆಗೆ ಹಿಡಿದು ಅಂಚು ತೆಗೆದುಕೊಡಬೇಕು, ಆಮೇಲೆ ಅಣ್ಣ ಹದ ಹಾಕಬೇಕು. ಎಡಗಡೆಯ ಮೊದಲನೇ ಮಚ್ಚನ್ನು ಸಾಣೆಗೆ ಮುಟ್ಟಿಸಿದೆ. ಸುಯ್ ಎಂದು ಮಂಕು ಕಿಡಿ. ಜೀರಿಗೆ. ಅಂದರೆ ಟೆಂಪೋ ಪಟ್ಟಿ ನೀರಿನ ಸಾಲಿನಲ್ಲಿ ಕೂತಿದೆ. ಅಣ್ಣನ ಬೆನ್ನು ನನ್ನ ಕಡೆಗಿತ್ತು. ಮೆಲ್ಲಗೆ ಅದನ್ನು ಬಲಗಡೆ ಸಾಲಿಗೆ ಇಟ್ಟೆ. ಅಣ್ಣನಿಗೆ ಕಿವಿ ಮಂದ ಎಂದೆನಲ್ಲ, ಆದರೆ ಅವನು ಅದೇ ಗಳಿಗೆಯಲ್ಲಿ ಇಕ್ಕಳಕ್ಕೆಂದು ತಿರುಗಿದ.

"ಯಾಕಮ್ಮಿ ಆ ಕಡೆ ಮಡಗ್ದೆ? ಅದು ನೀರಿಂದು."

ಇಲ್ಲಣ್ಣ, ಇದು ಟೆಂಪೋ ಎನ್ನಬಹುದಿತ್ತು. ಹಾಗೆ ಅಂದರೆ ಮಿಕ್ಕ ಕಳ್ಳ ಗೀಟುಗಳೂ ಹೊರಗೆ ಬರುತ್ತಿದ್ದವು. ನಾನು ಎಡವುವುದಿಲ್ಲ ಎಂದು ಅವನು ಕಂಡಕಂಡವರಿಗೆ ಹೇಳಿಕೊಂಡು ಬಂದಿದ್ದೂ ಸುಳ್ಳಾಗುತ್ತಿತ್ತು. "ಓ, ಮರ್ತ್ಕಂಡೆ ಕಣಣ್ಣ" ಎಂದು ನಾನೇ ನನ್ನ ಕೈಯಾರೆ ಎತ್ತಿ ಎಡಗಡೆಗೆ ಇಟ್ಟೆ. ಅಣ್ಣ ಅದನ್ನು ಕಾಸಿದ. ಬಣ್ಣ ನೋಡಿದ. ನನಗೂ ಕಾಣುತ್ತಿತ್ತು, ಬಣ್ಣ ಸರಿಯಾಗಿಯೇ ಇತ್ತು. ಎತ್ತಿ ನೀರಿಗೆ ಅದ್ದಿದ. ಬುಸ್ ಎಂದು ಹಬೆ ಎದ್ದಿತು. ಅದರೊಳಗಿನಿಂದ ಬೆರಳು ಲಟಿಕೆ ಮುರಿದಂಥ ಒಂದು ಸದ್ದು ಬಂತು. ಟಿಕ್. ಆ ಸದ್ದು ಅಣ್ಣನ ಕಿವಿಗೆ ಬೀಳಲಿಲ್ಲ, ಕೈಗೆ ಗೊತ್ತಾಯಿತು. ಎತ್ತಿ ನೋಡಿದ. ಅಲಗಿನ ಮೇಲೆ ಕೂದಲೆಳೆಯಂಥ ಗೆರೆ. ಅಣ್ಣ ಬೆಂಕಿಯನ್ನು ನೋಡಿದ, ಮಚ್ಚನ್ನು ನೋಡಿದ, ಮತ್ತೆ ಬೆಂಕಿಯನ್ನು ನೋಡಿದ. "ಒಸಿ ಜಾಸ್ತಿ ಕಾಸ್ಬುಟ್ಟೆ ಅಂತ ಕಾಣ್ತದೆ" ಎಂದ.

ಅಲ್ಲಿಂದ ನನ್ನ ಶನಿಕಾಟ ಶುರುವಾಯಿತು. ಅಣ್ಣ ಕುಲುಮೆ ಬಿಟ್ಟು ಕದಲುತ್ತಿರಲಿಲ್ಲ, ಅವನ ಕಣ್ಣು ತಪ್ಪಿಸಿ ಸಾಲು ಬದಲಿಸುವಂತಿರಲಿಲ್ಲ. ಎಡಗಡೆಯವು ಕೆಲವು ಸೀಳುತ್ತಿದ್ದವು. ಬಲಗಡೆಯವು ಕೆಲವು ಮೆತ್ತಗೆ ಉಳಿಯುತ್ತಿದ್ದವು. ಅರ ಹಾಕಿ ನೋಡಿದರೆ ಬೆಲ್ಲದ ಅಚ್ಚಿನ ಹಾಗೆ ತುರಿದು ಬರುತ್ತಿತ್ತು. ಕೆಲವು ಸರಿಯಾಗಿಯೂ ಬರುತ್ತಿದ್ದವು, ಅದೇ ದೊಡ್ಡ ಅನ್ಯಾಯ. ಎಲ್ಲವೂ ಕೆಟ್ಟಿದ್ದರೆ ಅಣ್ಣ ಉಕ್ಕಿನ ಮೇಲೆ ಸಂಶಯ ಪಡುತ್ತಿದ್ದ. ಜಾಸ್ತಿ ಕಾಸಿದರೆ ಸೀಳುತ್ತದೆ, ಕಡಿಮೆ ಕಾಸಿದರೆ ಮೆತ್ತಗಾಗುತ್ತದೆ. ಇದು ಕುಲುಮೆಯ ಬಾಲಪಾಠ. ಆದ್ದರಿಂದ ಅವನು ಲೆಕ್ಕ ಹಾಕಿದ್ದು ಸರಿಯಾಗಿಯೇ ಇತ್ತು: ಒಂದು ಸಲ ಜಾಸ್ತಿ ಕಾಸುತ್ತಿದ್ದೇನೆ, ಇನ್ನೊಂದು ಸಲ ಕಡಿಮೆ ಕಾಸುತ್ತಿದ್ದೇನೆ, ಅಂದರೆ ಬಣ್ಣ ನನ್ನ ಕಣ್ಣಿಗೆ ಸರಿಯಾಗಿ ಕಾಣುತ್ತಿಲ್ಲ. ಗೀಟಿನ ಕಡೆ ಅವನ ಮನಸ್ಸು ಹೋಗಲೇ ಇಲ್ಲ. ಗೀಟು ಹಾಕಿದವಳು ನಾನಲ್ಲವೇ.

ನಾನು ಏನೂ ಮಾಡದೆ ಕೂತಿದ್ದೆ ಎಂದು ತಿಳಿಯಬೇಡಿ. ನಮ್ಮ ಮನೆತನದ ರೀತಿಯಲ್ಲಿ ತಪ್ಪೊಪ್ಪಿಗೆ ಶುರುಮಾಡಿದೆ. ಅಪ್ಪನಿಗೆ ಹೂವಾದರೆ ನನಗೆ ಅಡುಗೆ. ಮೊದಲನೇ ದಿನ ಅಣ್ಣನಿಗೆ ಇಷ್ಟವೆಂದು ಹುರುಳಿಕಾಳಿನ ಬಸ್ಸಾರು ಮಾಡಿ ಹೊತ್ತುಕೊಂಡು ಹೋದೆ. ಇನ್ನಷ್ಟು ಮಚ್ಚು ಸೀಳಿದಾಗ ಹಿತಕಿದ ಬೇಳೆ ಸಾರು. ಆಮೇಲೆ ಕಜ್ಜಾಯ. ಸೀಳಿದ ಮಚ್ಚು ಹೆಚ್ಚಾದಷ್ಟೂ ತುಪ್ಪ ಹೆಚ್ಚಾಯಿತು. ಅಣ್ಣ ತಲೆ ತಗ್ಗಿಸಿ ಉಣ್ಣುತ್ತಿದ್ದ, ರುಚಿ ಹೇಗಿದೆ ಎಂದು ಹೇಳುತ್ತಿರಲಿಲ್ಲ. ಅತ್ತಿಗೆ ಭಾಗ್ಯಮ್ಮ ಮಾತ್ರ ಬಾಗಿಲಿಗೆ ಒರಗಿಕೊಂಡು ನನ್ನನ್ನೇ ನೋಡುತ್ತಿದ್ದಳು. "ಏನ್ ಮಂಗ್ಳಮ್ಮ, ಅಣ್ಣನ್ ಮ್ಯಾಲೆ ಪ್ರೀತಿ ಇಂಗ್ ಉಕ್ತಾ ಅದೆ? ನನ್ ಮದ್ವೆಯಾಗಿ ಇಷ್ಟ್ ವರ್ಸಾಯ್ತು, ನಿನ್ ಕೈಯಿಂದ ಒಂದ್ ಉಪ್ಪಿನ್ಕಾಯಿ ಹೋಳು ಕಾಣ್ಲಿಲ್ಲ" ಎಂದಳು. ನಾನು, "ಅಣ್ಣ ಸೊರಗ್ಬುಟ್ಟವ್ನೆ ಕಣತ್ಗೆ" ಎಂದೆ. "ಸೊರಗ್ಲಿಲ್ಲ, ನೀನ್ ತಂದ್ ತಂದು ಸುರ್ದು ಅಂಗಿ ಗುಂಡಿ ಕಿತ್ತೋಗದೆ, ನೋಡಿಲ್ಲಿ" ಎಂದು ಸೂಜಿದಾರ ತೋರಿಸಿದಳು. ಪಾಪ ಕಳೆಯುವುದಕ್ಕೆ ನಾನು ಹಾಕಿದ ತುಪ್ಪವೆಲ್ಲ ಅಣ್ಣನ ಹೊಟ್ಟೆ ಸೇರಿ, ನನ್ನ ಎದೆಯ ಭಾರ ಇದ್ದಲ್ಲಿಯೇ ಇತ್ತು.

ಇಷ್ಟಾದರೂ ಹೇಗೋ ತಳ್ಳಿಕೊಂಡು ಹೋಗುತ್ತಿದ್ದೆನೇನೋ, ಕೆಂಚಣ್ಣ ಬರದೆ ಹೋಗಿದ್ದರೆ. ಕೆಂಚಣ್ಣ ಮದ್ದೂರಿನ ಹತ್ತಿರ ಹೆದ್ದಾರಿ ಪಕ್ಕ ಎಳನೀರು ಮಾರುವವನು. ಬೆಳಗಿನಿಂದ ಸಂಜೆವರೆಗೆ ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ನಮ್ಮ ಮಚ್ಚು. ಒಂದು ಮಧ್ಯಾಹ್ನ ಬಂದು ಗೋಣಿಚೀಲ ಬಿಚ್ಚಿ ಹೊಸ ಮಚ್ಚನ್ನು ಅಡಿಗಲ್ಲಿನ ಮೇಲೆ ಇಟ್ಟ. ಅಲಗಿನಲ್ಲಿ ಕಾಲು ಚಂದ್ರನಷ್ಟು ಹಾರಿಹೋಗಿತ್ತು.

"ಆಚಾರ್ರೇ, ಮುತ್ತತ್ತಿಗೆ ಓಗ್ತಿದ್ದ ಒಂದ್ ಕಾರ್ನೋರು ನಿಲ್ಸುದ್ರು. ಕೆತ್ತಿ ಕೊಟ್ಟೆ. ಆಯಮ್ಮ ಕುಡ್ದು, ಎಳ್ನೀರಲ್ಲಿ ಕಬ್ಣ ಆಕೀರೇನ್ರಿ ಅಂದ್ಲು. ಬಾಳ ಒಳ್ಳೇದು ಕಣಮ್ಮ, ರಕ್ತ ಆಯ್ತದೆ ಅಂದೆ."

ಹೇಳಿ ಅವನೇ ನಕ್ಕ. ಅಣ್ಣ ನಗಲಿಲ್ಲ. ಕೆಂಚಣ್ಣನ ಎಡಗೈಯನ್ನು ಹಿಡಿದು ತಿರುಗಿಸಿ ನೋಡಿದ. ಹೆಬ್ಬೆರಳಿನ ಬುಡದಲ್ಲಿ ಒಂದು ಗೀರು, ಒಣಗಿದ ರಕ್ತ. "ಇದು?" ಎಂದ. "ಬುಡಿ, ಆರಿದ್ ಚೂರು ಒಸಿ ಸವರ್ಕಂಡೋಯ್ತು. ಬೆಳ್ಳು ಅಲ್ಲೇ ಅದಲ್ಲ, ಸಾಕು" ಎಂದ ಕೆಂಚಣ್ಣ. ಆ ಮಚ್ಚಿನ ಅಂಚು ತೆಗೆದವಳು ನಾನು, ಹಿಡಿ ಕೂರಿಸಿದವಳು ನಾನು. ಸಾಣೆಯ ಮರೆಯಲ್ಲಿ ಕೂತು ಸಾಣೆಕಲ್ಲನ್ನೇ ಒರೆಸುತ್ತಾ ಇದ್ದೆ. ಈ ತಪ್ಪು ಇನ್ನು ಸಣ್ಣದಲ್ಲ ಎಂದು ಆಗ ತಿಳಿಯಿತು. ಆದರೆ ಅದು ಬೆಳೆದಷ್ಟೂ ಹೇಳುವ ಬಾಯಿ ಕಿರಿದಾಗುತ್ತಾ ಹೋಯಿತು.

ಅಣ್ಣ ಮಾರನೇ ದಿನವೇ ಕಣ್ಣು ತೋರಿಸಲು ಮದ್ದೂರಿಗೆ ಹೊರಟ. ನನಗೆ ಇದೇ ಸಮಯ ಎನ್ನಿಸಿತು. ಅವನು ಬರುವಷ್ಟರಲ್ಲಿ ಉಳಿದ ಪಟ್ಟಿಗಳನ್ನೂ ಬಡಿದಿಟ್ಟ ಮಚ್ಚುಗಳನ್ನೂ ಸಾಣೆಗೆ ಮುಟ್ಟಿಸಿ, ಕಿಡಿ ನೋಡಿ, ಸಾಲು ಸರಿಮಾಡಿಬಿಟ್ಟರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ; ಕನ್ನಡಕದಿಂದಲೇ ಸರಿಹೋಯಿತೆಂದು ಅಣ್ಣನೂ ತಿಳಿದುಕೊಳ್ಳುತ್ತಾನೆ. ಬಸ್ಸು ತಿರುವು ದಾಟಿದ್ದೇ ಓಡಿಬಂದು ಸಾಣೆಯ ಸ್ವಿಚ್ಚು ಒತ್ತಿದೆ. ಕರೆಂಟಿಲ್ಲ. ಲೈನ್ ರಿಪೇರಿ ಎಂದರು. ಬಾಗಿಲಲ್ಲಿ ಕೂತೆ. ಎದ್ದೆ. ಕೈಯಲ್ಲೇ ಕಲ್ಲು ತಿರುಗಿಸಿ ನೋಡಿದೆ; ಒಂದು ಕಿಡಿಯೂ ಹಾರಲಿಲ್ಲ, ಹೆಬ್ಬೆರಳು ತರಚಿತು. ಊಟದ ಹೊತ್ತಾಯಿತು, ಊಟ ಸೇರಲಿಲ್ಲ. ಬಂದು ಹೋದ ಬಸ್ಸಿನ ಬಾಗಿಲನ್ನೆಲ್ಲ ನೋಡಿದೆ. ಕೊನೆಗೂ ತಲೆಯ ಮೇಲಿನ ಬಲ್ಬು ಹೊತ್ತಿಕೊಂಡಿತು. ಸಾಣೆ ತಿರುಗಿತು. ಓಡಿಹೋಗಿ ಒಂದು ಮಚ್ಚು ಎತ್ತಿಕೊಂಡು ತಿರುಗಿದರೆ, ಬಾಗಿಲಲ್ಲಿ ಅಣ್ಣ ನಿಂತಿದ್ದ. ಮೂಗಿನ ಮೇಲೆ ದಪ್ಪ ಚೌಕಟ್ಟಿನ ಕನ್ನಡಕ. ಯಾರದೋ ಮುಖ ತಂದು ಅಂಟಿಸಿದ ಹಾಗಿತ್ತು.

"ಎಂಗದೆ?" ಎಂದು ಕೇಳಿದ.

"ಮೇಷ್ಟ್ರಂಗೆ ಕಾಣ್ತೀಯ" ಎಂದೆ. ನಗಿಸಲು ಹೇಳಿದ ಮಾತು. ಹೇಳಿ ನಾನು ಮನೆಗೆ ಹೋಗಿ ಹಿತ್ತಿಲಲ್ಲಿ ಅತ್ತೆ.

ಕನ್ನಡಕದಿಂದ ಏನೂ ಸರಿಹೋಗಲಿಲ್ಲ. ಹೋಗಲು ಸಾಧ್ಯವೂ ಇರಲಿಲ್ಲ. ಬೆಂಕಿಯ ಮುಂದೆ ಅದರ ಗಾಜು ಬೆವರಿಗೆ ಮಂಜಾಗುತ್ತಿತ್ತು; ಒರೆಸಿಕೊಳ್ಳುವಷ್ಟರಲ್ಲಿ ಗಳಿಗೆ ಮೀರುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಅಣ್ಣನಿಗೆ ಭಯ ಹತ್ತಿತ್ತು. ಸೀಳುತ್ತದೆಂದು ಹೆದರಿ ಬಣ್ಣ ಬರುವ ಮೊದಲೇ ಎತ್ತುತ್ತಿದ್ದ; ಮೆತ್ತಗಾಗುತ್ತದೆಂದು ಹೆದರಿ ಮತ್ತೆ ಬೆಂಕಿಗೆ ತುರುಕುತ್ತಿದ್ದ. ಹೀಗಾಗಿ ನಾನು ಅಪ್ಪಿತಪ್ಪಿ ಸರಿಯಾದ ಗೀಟು ಎಳೆದವೂ ಕೆಡಲು ಶುರುವಾದವು. ನನ್ನ ಸುಳ್ಳು ಹೀಗೆ ನಿಜವಾಗುತ್ತಿತ್ತು. ಒಂದು ದಿನ ಉಣ್ಣುತ್ತಾ ಅಣ್ಣ, "ಮಳವಳ್ಳಿ ವೆಲ್ಡಿಂಗ್ನೋನು ಅಡಿಗಲ್ಲು ಕೇಳ್ತಾವ್ನೆ. ಕೊಟ್ಬುಡಾನ ಅಂತ. ಇನ್ನೊಬ್ರ ಬೆಳ್ಳು ಓಗೋಕೆ ಮುಂಚೆ ನಿಲ್ಸೋದು ವಾಸಿ" ಎಂದ. ಅಪ್ಪ ಕೂತು ಬಡಿದ ಅಡಿಗಲ್ಲು ಅದು. ಅತ್ತಿಗೆಯ ಬಾಯಿಯಿಂದ ಅಂದು ಒಂದು ಕುಹಕವೂ ಬರಲಿಲ್ಲ. ನಾನು ತಂದಿದ್ದ ಒಬ್ಬಟ್ಟಿನ ಮೇಲೆ ತುಪ್ಪ ಹಾಗೇ ಹೆಪ್ಪುಗಟ್ಟಿತು.

ಕೊಡುವ ಮುಂಚೆ ಒಂದು ಕೆಲಸ ಬಾಕಿಯಿತ್ತು. ಕೆಂಚಣ್ಣನಿಗೆ ಬದಲಿ ಮಚ್ಚು ಕೊಡುತ್ತೇನೆಂದು ಅಣ್ಣ ಮಾತು ಕೊಟ್ಟಿದ್ದ. ಆ ಬೆಳಗ್ಗೆ ಕೆಂಚಣ್ಣ ಬಂದು ಬೆಂಚಿನ ಮೇಲೆ ಬೀಡಿ ಹಚ್ಚಿ ಕೂತಿದ್ದ. ಹೊರಗೆ ಮದ್ದೂರು ಬಸ್ಸಿಗೆ ಜನ ಕಾಯುತ್ತಿದ್ದರು. ಬ್ಲೋಯರ್ ಮೊರೆಯುತ್ತಿತ್ತು. ಅಣ್ಣ ಎಡಗಡೆ ಸಾಲಿನಿಂದ ಒಂದು ಮಚ್ಚು ಎತ್ತಿ ಕೆಂಡಕ್ಕಿಟ್ಟ. ಆ ಮಚ್ಚಿನ ಅಂಚು ಹಿಂದಿನ ದಿನ ತೆಗೆದವಳು ನಾನೇ. ಜೀರಿಗೆಯ ಕಿಡಿ. ಎಣ್ಣೆಗೆ ಹೋಗಬೇಕಾದದ್ದು, ಪಕ್ಕದಲ್ಲಿ ನೀರಿನ ತೊಟ್ಟಿ ಕಾದಿತ್ತು. ಅಣ್ಣ ಕನ್ನಡಕ ತೆಗೆದ, ಹಾಕಿದ, ಮತ್ತೆ ತೆಗೆದ. ಆಮೇಲೆ ಇಕ್ಕಳವನ್ನು ನನ್ನ ಕಡೆ ಚಾಚಿದ.

"ತಗೊ ಅಮ್ಮಿ. ಬಣ್ಣ ನೀನೇ ನೋಡಿ ಎತ್ತು. ಕೆಂಚಣ್ಣನ್ ಕೈಗ್ ಓಗೋದು, ನಂಗೆ ಧೈರ್ಯ ಇಲ್ಲ. ಈ ಕುಲ್ಮೇಲಿ ನಂಬೋ ಕಣ್ಣು ಅಂತ ಉಳ್ದಿರೋದು ನಿಂದೊಂದೇ."

ಇಕ್ಕಳ ಹಿಡಿದೆ. ಕೆಂಡದೊಳಗೆ ಮಚ್ಚು ಕೆಂಪಾಗುತ್ತಾ ಬಂತು. ಟೊಮೇಟೊ ಬಣ್ಣ ದಾಟಿತು. "ಈಗಾ?" ಎಂದ ಅಣ್ಣ. "ಮೀರ್ತದೆ ಕಣಮ್ಮಿ, ಎತ್ತು." ಎತ್ತಿದೆ. ನೀರಿನ ಮೇಲಕ್ಕೆ ತಂದೆ. ಅಲಗಿನ ಕಾವು ನೀರಿಗೆ ತಾಕಿ ಸಣ್ಣಗೆ ಹಬೆ ಏಳುತ್ತಿತ್ತು. ಕೆಂಚಣ್ಣ ಬೀಡಿ ಬಾಯಿಂದ ತೆಗೆದು, ಗೀರು ಬಿದ್ದ ಕೈಯಲ್ಲಿ ಮೊಣಕಾಲು ಕೆರೆದುಕೊಂಡ. ನನಗೆ ಅದ್ದಲಾಗಲಿಲ್ಲ. ಮಚ್ಚನ್ನು ನೆಲದ ಮೇಲೆ ಬೂದಿಗೆ ಹಾಕಿ, ಎಡಗಡೆ ಸಾಲಿನಿಂದ ಬೇರೊಂದನ್ನು ಎತ್ತಿಕೊಂಡು ಸಾಣೆಯ ಹತ್ತಿರ ಹೋದೆ. "ಅಣ್ಣ, ಇಲ್ ನೋಡು" ಎಂದೆ. ಸಾಣೆಗೆ ಹಿಡಿದೆ. ಸುಯ್ ಎಂದು ಮಂಕು ಕಿಡಿ, ಜೀರಿಗೆ. ಬಲಗಡೆ ಸಾಲಿನಿಂದ ಒಂದು ತಂದು ಹಿಡಿದೆ. ಚಟಚಟ ಎಂದು ಕವಲೊಡೆಯಿತು, ಸಾಸಿವೆ. ಇನ್ನೊಂದು ಹಿಡಿದೆ, ಮತ್ತೊಂದು ಹಿಡಿದೆ.

ಅಣ್ಣ ಹತ್ತಿರ ಬಂದ. ಎಷ್ಟೋ ಕಾಲದ ಮೇಲೆ ಅವನು ಕಿಡಿ ನೋಡುತ್ತಿದ್ದ. ಎಡಗಡೆ ಸಾಲು ನೋಡಿದ, ಬಲಗಡೆ ಸಾಲು ನೋಡಿದ, ಆಮೇಲೆ ಮೂಲೆಯಲ್ಲಿ ಒಪ್ಪವಾಗಿ ಜೋಡಿಸಿಟ್ಟಿದ್ದ, ಇನ್ನೂ ಕುಂಕುಮದ ಬೊಟ್ಟು ಮಾಸದ ರಾಶಿಯನ್ನು ನೋಡಿದ. ಕನ್ನಡಕವನ್ನು ಮಡಚಿ ಅಡಿಗಲ್ಲಿನ ಮೇಲೆ ಇಟ್ಟ. ನಾನು ಸಾಣೆ ನಿಲ್ಲಿಸಿ, ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಹೂವನ್ನು ಹಂಡೆಯ ಪಕ್ಕ ಇಟ್ಟಾಯಿತು, ಎತ್ತಿ ಮುಡಿದುಕೊಳ್ಳುವುದು ಅವನಿಗೆ ಬಿಟ್ಟದ್ದು ಎಂದುಕೊಂಡೆ. ಸೆರಗಿನಿಂದ ಮುಖ ಒರೆಸಿಕೊಂಡು ಮನೆಗೆ ಹೊರಡಲು ಒಂದು ಹೆಜ್ಜೆಯನ್ನೂ ಇಟ್ಟೆ.

"ಎಲ್ಗೋಯ್ತಿ?" ಎಂದ ಅಣ್ಣ. "ಕಿಡಿ ಏನ್ ಏಳ್ಬೇಕೋ ಏಳಾಯ್ತು. ನೀನಿನ್ನೂ ಬಾಯಿ ಬುಟ್ಟಿಲ್ಲ."

ಬಾಯಿ ಬಿಟ್ಟೆ. ಏಳು ವರ್ಷ ಕಲಿತ ವಿದ್ಯೆ ಸುಮ್ಮನೆ ಬಿಡುತ್ತದೆಯೇ? ತಾನಾಗಿಯೇ ಬಂತು: "ಅವತ್ತು ನಂಗೆ ಒಸಿ ಒಟ್ಟೆನೋವಿತ್ತು ಕಣಣ್ಣ..."

ಬೆಂಚಿನ ಮೇಲೆ ಕೆಂಚಣ್ಣ ಕೆಮ್ಮಿದ. ಅಣ್ಣ ಕಿವಿಯ ಹಿಂದೆ ಕೈ ಇಟ್ಟುಕೊಂಡು, "ಬ್ಲೋಯರ್ ಸದ್ದು. ಜೋರಾಗ್ ಏಳು" ಎಂದ. ಕೇಳಿಸಿತ್ತೋ ಇಲ್ಲವೋ, ದೇವರೇ ಬಲ್ಲ. ನಾನು ಉಸಿರು ಎಳೆದುಕೊಂಡು, ಅವನ ಮಂದ ಕಿವಿಗೆ ಮುಟ್ಟಲೆಂದು ಇದ್ದಬದ್ದ ದನಿಯನ್ನೆಲ್ಲ ಕೂಡಿಸಿದೆ. ಅಷ್ಟರಲ್ಲಿ ಅವನು ಕೈ ಚಾಚಿ ಬ್ಲೋಯರ್ ಆರಿಸಿದ್ದನ್ನು ನಾನು ನೋಡಲಿಲ್ಲ. ಹಾಗಾಗಿ, ಅಣ್ಣನಿಗೆ ಒಬ್ಬನಿಗೇ ಹೇಳಬೇಕಾಗಿದ್ದ ಮಾತನ್ನು ಮದ್ದೂರು ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನಿಂತು ಕೇಳಿದರು:

"ತಪ್ಪಾಯ್ತು ಕಣಣ್ಣ. ಗೀಟ್ ತೊಳ್ದೋಳೂ ನಾನೇ, ಕಳ್ ಗೀಟ್ ಎಳ್ದೋಳೂ ನಾನೇ. ನಿನ್ ಕಣ್ಗೇನೂ ಆಗಿಲ್ಲ."